ಹಿತ್ತಲ ಊಟ, ಅಪ್ಪನ ಕುರ್ಚಿ

ಜೂನ್ ತಿಂಗಳ ಮೂರನೇ ಭಾನುವಾರ ಅಪ್ಪಂದಿರ ದಿನ. ನಮ್ಮ ಮನೆಯಲ್ಲಿ ಅದನ್ನು ಆಚರಿಸುವ ರೂಢಿ ಇರಲಿಲ್ಲ. ಈ ಸಲ ಮಾಡೋಣ ಅಂತ ಹೊರಟವಳು ನಾನು. ಅಪ್ಪನಿಗೆ 78 ತುಂಬಿತ್ತು. ಅಕ್ಕ, ನಾನು, ತಮ್ಮ ಮೂವರೂ ನಮ್ಮ ನಮ್ಮ ಸಂಸಾರ ಕಟ್ಟಿಕೊಂಡು ಒಂದೇ ಹೊತ್ತಿಗೆ ಅವನ ಜೊತೆ ಕೂತು ಉಂಡು ಬಹಳ ದಿನ ಆಗಿತ್ತು. ಒಟ್ಟು 13 ಜನ. ಮನೆಯೊಳಗೆ ಅಷ್ಟು ಜನ ಕೂರುವ ಜಾಗ ಇಲ್ಲ. ಹಿತ್ತಲಲ್ಲೇ ಊಟ ಅಂತ ಆಯ್ತು.

ಒಂದು ವಾರ ಅದೇ ಗುಂಗಿನಲ್ಲಿದ್ದೆ. ಎರಡು ಮೇಜು ಸೇರಿಸಿ ಉದ್ದ ಮಾಡಿದೆವು. ಅಕ್ಕ ಅಡುಗೆ ಹೊತ್ತುಕೊಂಡಳು, ತಮ್ಮ ಇದ್ದಿಲ ಒಲೆ ನೋಡಿಕೊಂಡ. ಇದ್ದಿಲು ಹೊತ್ತಿಕೊಂಡ ತಕ್ಷಣ ಅದರ ಮೇಲೆ ಏನೂ ಇಡಬಾರದು. ಅರ್ಧ ಗಂಟೆ ಸುಮ್ನೆ ಬಿಡಬೇಕು. ಉರಿ ಇಳಿದು, ಮೇಲೆ ಬೂದಿ ಕಟ್ಟಿದಾಗ ಕಾವು ಒಂದೇ ಸಮ ಸಿಗುತ್ತದೆ. ಆಗ ಜೋಳ ಇಟ್ಟರೆ ಹೊರಗೆ ಕರಕಲಾಗಿ ಒಳಗೆ ಹಸಿ ಉಳಿಯುವುದಿಲ್ಲ. ಇದನ್ನೆಲ್ಲ ತಮ್ಮನಿಗೆ ಚಿಕ್ಕಂದಿನಲ್ಲಿ ಕಲಿಸಿದ್ದು ಅಪ್ಪನೇ.

ಅಪ್ಪನ ಕುರ್ಚಿಯನ್ನು ಮೇಜಿನ ತುದಿಯಲ್ಲಿ ಹಾಕಿದೆ. ಹಿರಿಯರ ಜಾಗ ಅದೇ ಅಲ್ವಾ? ಬೆನ್ನಿಗೆ ದಿಂಬು ಇಟ್ಟೆ. ಅವನಿಗೆ ಇಷ್ಟದ ಹಳೇ ಹಾಡುಗಳು ಕೇಳಲಿ ಅಂತ ಹತ್ತಿರದಲ್ಲೇ ಸ್ಪೀಕರ್ ಇಟ್ಟೆ. ಎಲ್ಲವೂ ಅವನಿಗೋಸ್ಕರ ಮಾಡಿದ್ದು.

ಅಪ್ಪನ ಕಿವಿಯ ವಿಷಯ ಇಲ್ಲಿ ಹೇಳಬೇಕು. ಕಿವಿ ಮಂದ ಆಗಿ ಆರೇಳು ವರ್ಷ ಆಯ್ತು. ಮಿಷನ್ ಹಾಕಿಕೊಳ್ಳುತ್ತಾನೆ. ಮಿಷನ್ ಇದೆಯಲ್ಲ, ಕೇಳಿಸುತ್ತದೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಫೋನಿನಲ್ಲಿ ಮಾತಾಡುವಾಗ, ಮನೆಯಲ್ಲಿ ಒಬ್ಬರೇ ಎದುರು ಕೂತಾಗ ಕೇಳಿಸುವುದೂ ನಿಜ.

ಸಂಜೆ ಎಲ್ಲರೂ ಬಂದರು. ಅಕ್ಕನ ಮಗಳಿಗೆ ಹತ್ತು ವರ್ಷ. ತಾತನಿಗೋಸ್ಕರ ಒಂದು ಹಾಳೆಯಲ್ಲಿ ಏನೋ ಬರೆದುಕೊಂಡು ಬಂದಿದ್ದಳು. ಊಟಕ್ಕೆ ಮುಂಚೆ ಮೇಜಿನ ಆ ತುದಿಯಲ್ಲಿ ನಿಂತು ಓದಿದಳು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅಪ್ಪನೂ ತಟ್ಟಿದ. ನಕ್ಕ. ನಮ್ಮ ಚಪ್ಪಾಳೆ ಶುರುವಾದ ಮೇಲೆ ಅವನ ಕೈ ಮೇಲೆದ್ದದ್ದು ನನ್ನ ಕಣ್ಣಿಗೆ ಬಿತ್ತು. ಆದರೆ ಆಗ ಅದರ ಅರ್ಥ ಹೊಳೆಯಲಿಲ್ಲ.

ಬಡಿಸಲು ಶುರು ಮಾಡಿದೆವು. ಭಾವ ಅನ್ನದ ಪಾತ್ರೆ ಹಿಡಿದು ಅಪ್ಪನ ಹತ್ತಿರ ಬಂದು ಒಂದು ಸೌಟು ಹಾಕಿ, "ಸಾಕಾ ಮಾವ?" ಅಂದರು. ಅಪ್ಪ "ಹೂಂ" ಅಂದ. ಭಾವ ಮುಂದಕ್ಕೆ ಹೋದರು. ಅಪ್ಪ ತಟ್ಟೆಯನ್ನು ಮೇಜಿನಿಂದ ಒಂದೆರಡು ಬೆರಳಷ್ಟು ಎತ್ತಿ ಹಿಡಿದಿದ್ದ. ಹಾಗೇ ಹಿಡಿದಿದ್ದ. ಆಮೇಲೆ, ಸದ್ದಾಗದ ಹಾಗೆ ಕೆಳಗಿಟ್ಟ. ಆಚೀಚೆ ನೋಡಿ ಊಟ ಶುರು ಮಾಡಿದ.

ಅವನಿಗೆ ಕೇಳಿಸಿದ್ದು "ಹಾಕ್ಲಾ?" ಅಂತ.

ನನಗೆ ಗಂಟಲು ಕಟ್ಟಿತು. ಎದ್ದು ಹೋಗಿ ಇನ್ನೊಂದು ಸೌಟು ಹಾಕಿದೆ. ಅಲ್ಲೇ ಅವನ ಪಕ್ಕ ಬಗ್ಗಿ, ಅವನ ಕಣ್ಣಿನ ಮಟ್ಟಕ್ಕೆ ನನ್ನ ಕಣ್ಣು ಇಟ್ಟು ಎದುರಿಗೆ ನೋಡಿದೆ. ಇಳಿಬಿಸಿಲು ನೇರವಾಗಿ ಮುಖಕ್ಕೆ ಹೊಡೆಯುತ್ತಿತ್ತು. ಬೆಳಕು ಹಿಂದಿದ್ದದ್ದರಿಂದ ಎದುರು ಕೂತ ಎಲ್ಲರ ಮುಖವೂ ಕಪ್ಪು. ಯಾರ ತುಟಿಯೂ ಕಾಣುವುದಿಲ್ಲ. ಕಿವಿಯ ಪಕ್ಕದಲ್ಲೇ ಸ್ಪೀಕರ್. ಅಷ್ಟು ಹೊತ್ತಿನಿಂದ ಅಪ್ಪ ಕೂತಿದ್ದು ಈ ಜಾಗದಲ್ಲಿ, ನಾನೇ ಆರಿಸಿ ಕೊಟ್ಟ ಜಾಗದಲ್ಲಿ.

ಮಿಷನ್ ಕೊಟ್ಟವರು ಅಂದೇ ವಿವರಿಸಿದ್ದರು. ಕೇಳಿಸಿಕೊಂಡು ಮರೆತಿದ್ದೆ. ವಯಸ್ಸಾದ ಹಾಗೆ ಮೊದಲು ಕೈಕೊಡುವುದು ಎತ್ತರದ, ಸಣ್ಣ ಸದ್ದುಗಳು. ಸ, ಶ, ತ, ಕ ಇಂಥ ಅಕ್ಷರಗಳು ತೇಲಿಹೋಗುತ್ತವೆ. ಆ, ಊ, ಓ ಸ್ವರಗಳು ಉಳಿಯುತ್ತವೆ. ಹಾಗಾಗಿ ಯಾರೋ ಮಾತಾಡುತ್ತಿದ್ದಾರೆ ಅಂತ ಚೆನ್ನಾಗಿ ಗೊತ್ತಾಗುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. ಮಕ್ಕಳ ಕೀರಲು ದನಿ ಹಿಡಿಯುವುದಂತೂ ಇನ್ನೂ ಕಷ್ಟ. ಮಿಷನ್ ಮಾತಿನ ಜೊತೆ ಗದ್ದಲವನ್ನೂ ಜೋರು ಮಾಡುತ್ತದೆ. ಬಯಲಿನಲ್ಲಿ ಮತ್ತೊಂದು ತೊಂದರೆ. ಸದ್ದನ್ನು ವಾಪಸ್ ಕಳಿಸಲು ಗೋಡೆ ಇಲ್ಲ, ಸೂರು ಇಲ್ಲ. ದೂರ ಎರಡರಷ್ಟಾದರೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಉದ್ದ ಮೇಜಿನ ಆ ತುದಿಯಲ್ಲಿ ಮಗು ಓದಿದ್ದು ಈ ತುದಿಗೆ ತಲುಪುವುದು ಹೇಗೆ?

ಇದೇ ಅಪ್ಪ. ಅಮ್ಮ ಹೋದಾಗ ಅಕ್ಕನಿಗೆ 13, ನನಗೆ 9, ತಮ್ಮನಿಗೆ 4. ಮೂವರೂ ಒಂದೇ ಕೋಣೆಯಲ್ಲಿ ಮಲಗುತ್ತಿದ್ದೆವು, ಅಪ್ಪ ಆಚೆ ಕೋಣೆಯಲ್ಲಿ. ರಾತ್ರಿ ಒಬ್ಬರು ಕೆಮ್ಮಿದರೆ, ಕೆಮ್ಮಿದ್ದು ಯಾರು ಅಂತ ಅವನಿಗೆ ಕತ್ತಲಲ್ಲೇ ಗೊತ್ತಾಗುತ್ತಿತ್ತು. ದೀಪ ಹಾಕದೆ ನೇರ ಆ ಹಾಸಿಗೆಗೇ ಬರುತ್ತಿದ್ದ. ಒಂದು ದಿನವೂ ತಪ್ಪಿದ್ದಿಲ್ಲ. ಅಂಥ ಕಿವಿ ಅದು.

ಮೊದಲು ಸ್ಪೀಕರ್ ಆರಿಸಿದೆ. "ಎಲ್ಲರೂ ಒಂದು ನಿಮಿಷ ಏಳಿ" ಅಂದೆ. ಯಾಕೆ ಅಂತ ಎಲ್ಲರೂ ನೋಡಿದರು. ಅಪ್ಪನ ಕುರ್ಚಿಯನ್ನು ತುದಿಯಿಂದ ತೆಗೆದು ಮೇಜಿನ ನಡುವೆ, ಮನೆ ಗೋಡೆಗೆ ಬೆನ್ನು ಬರುವ ಹಾಗೆ ಹಾಕಿದೆ. ಆ ಕಡೆ ಕೂತರೆ ಬಿಸಿಲು ಅವನ ಕಣ್ಣಿಗೆ ಹೊಡೆಯುವುದಿಲ್ಲ, ಪಕ್ಕದಿಂದ ಬಂದು ನಮ್ಮ ಮುಖಗಳ ಮೇಲೆ ಬೀಳುತ್ತದೆ. ಹಿಂದೆ ಗೋಡೆ ಇರುವುದರಿಂದ ಬೆನ್ನಿನ ಕಡೆ ಗಲಾಟೆಯೂ ಇಲ್ಲ. ಅಪ್ಪ "ಯಾಕೆ ಇಷ್ಟೆಲ್ಲ, ನಾನು ಅಲ್ಲೇ ಆರಾಮಾಗಿದ್ದೆ" ಅಂದ. ಆರಾಮಾಗಿದ್ದೆ ಅನ್ನುವುದು ಅವನು ಆಯಸ್ಸಿಡೀ ಹೇಳಿಕೊಂಡು ಬಂದ ಮಾತು. ಈ ಸಲ ನಾನು ಒಪ್ಪಲಿಲ್ಲ.

ಕೂಗಬೇಡಿ ಅಂತ ಎಲ್ಲರಿಗೂ ಹೇಳಿದೆ. ಕೂಗಿದರೆ ಅಕ್ಷರ ಒಡೆಯುತ್ತದೆ, ಮುಖ ಬೇರೆ ಸಿಟ್ಟಾದ ಹಾಗೆ ಕಾಣುತ್ತದೆ. ಮೊದಲು "ಅಪ್ಪಾ" ಅಂತ ಕರೆದು, ಅವನು ತಿರುಗಿದ ಮೇಲೆ ನಿಧಾನವಾಗಿ ಮಾತಾಡಿದರೆ ಸಾಕು. ಒಬ್ಬರ ಮಾತು ಮುಗಿದ ಮೇಲೆ ಇನ್ನೊಬ್ಬರು. ನಮ್ಮ ಮನೆಯವರಿಗೆ ಇದು ಸುಲಭವಲ್ಲ, ನಾಲ್ಕು ಜನ ಒಟ್ಟಿಗೆ ಮಾತಾಡಿಯೇ ಅಭ್ಯಾಸ. ಆದರೂ ಎಲ್ಲರೂ ಮನಸ್ಸಿಟ್ಟು ಮಾಡಿದರು. ಭಾವ ಸುಮ್ಮನೆ ಬಂದು ಅಪ್ಪನ ಎದುರು ಪಾತ್ರೆ ಎತ್ತಿ ತೋರಿಸಿ, ಕಣ್ಣಲ್ಲೇ ಕೇಳಿದರು. ಅಪ್ಪ ಬೆರಳಲ್ಲಿ ಚೂರೇ ಚೂರು ಅಂತ ತೋರಿಸಿದ.

ಆಮೇಲೆ ಮಗುವನ್ನು ಕರೆದು ಅಪ್ಪನ ಎದುರಿಗೆ, ಒಂದು ಮಾರು ದೂರವೂ ಇಲ್ಲದ ಹಾಗೆ ಕೂರಿಸಿದೆ. "ತಾತನಿಗೆ ಇನ್ನೊಂದು ಸಲ ಓದು ಪುಟ್ಟಿ, ಹಾಳೆ ಬಾಯಿಗೆ ಅಡ್ಡ ಹಿಡಿಯಬೇಡ" ಅಂದೆ.

ಅವಳು ಬರೆದಿದ್ದು ಅಪ್ಪಂದಿರ ದಿನ ಹೇಗೆ ಶುರುವಾಯ್ತು ಅಂತ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ಊರಿನಲ್ಲಿ ಸೊನೋರಾ ಸ್ಮಾರ್ಟ್ ಡಾಡ್ ಅಂತ ಒಬ್ಬ ಹೆಂಗಸು. ಅವಳಿಗೆ 16 ವರ್ಷ ಆಗಿದ್ದಾಗ ತಾಯಿ ಹೆರಿಗೆಯಲ್ಲಿ ತೀರಿಕೊಂಡಳು. ಅವಳ ಬೆನ್ನಿಗೆ ಐವರು ತಮ್ಮಂದಿರು. ಅಪ್ಪ ವಿಲಿಯಂ ಸ್ಮಾರ್ಟ್ ಆರೂ ಮಕ್ಕಳನ್ನು ತಾನೇ ಸಾಕಿದ. 1909ರಲ್ಲಿ ಚರ್ಚಿನಲ್ಲಿ ಅಮ್ಮಂದಿರ ದಿನದ ಬಗ್ಗೆ ಹೇಳುವುದನ್ನು ಕೇಳಿ, ಅಪ್ಪನಿಗೂ ಒಂದು ದಿನ ಬೇಕು ಅಂತ ಅವಳಿಗೆ ಅನ್ನಿಸಿತು. ಅಪ್ಪ ಹುಟ್ಟಿದ್ದು ಜೂನ್ 5ರಂದು, ಆ ದಿನವೇ ಆಗಲಿ ಅಂದಳು. ಅಷ್ಟು ಬೇಗ ತಯಾರಿ ಆಗಲಿಲ್ಲ. 1910ರ ಜೂನ್ 19ಕ್ಕೆ, ಆ ತಿಂಗಳ ಮೂರನೇ ಭಾನುವಾರ, ಮೊದಲ ಸಲ ಆಚರಿಸಿದರು. ಅಲ್ಲಿ ಅದು ಕಾನೂನಿನ ಪ್ರಕಾರ ಖಾಯಂ ಆಗಿದ್ದು 1972ರಲ್ಲಿ.

ಮಗು ಪ್ರತಿ ಸಾಲಿಗೂ ತಲೆ ಎತ್ತಿ ತಾತನನ್ನು ನೋಡಿ ಓದಿದಳು. ಅಪ್ಪ ಅವಳ ತುಟಿ ಮೇಲೇ ಕಣ್ಣಿಟ್ಟಿದ್ದ. ಊಟ ನಿಲ್ಲಿಸಿದ್ದ. ತಾಯಿ ತೀರಿಕೊಂಡ ಸಾಲು ಬಂದಾಗ ಅವನ ಎಡಗೈ ಮೇಜಿನ ಅಂಚನ್ನು ಹಿಡಿಯಿತು. ಈ ಮಾತು ಯಾವುದೂ ಮೊದಲ ಸಲ ಅವನಿಗೆ ಮುಟ್ಟಿರಲೇ ಇಲ್ಲ.

ಓದಿ ಮುಗಿಸಿದಾಗ ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಅಪ್ಪ ಕೇಳಿದ, "ಐದು ಜನ ಸಣ್ಣ ಹುಡುಗರಾ? ಅಡುಗೆ ಯಾರು ಮಾಡ್ತಿದ್ರು ಪುಟ್ಟಿ?"

ಮಗು ಹಾಳೆ ತಿರುಗಿಸಿ ನೋಡಿ, "ಅದು ಇಲ್ಲ ತಾತ" ಅಂದಳು.

"ಆ ಹುಡುಗಿನೇ ಮಾಡಿರ್ಬೇಕು" ಅಂದ ಅಪ್ಪ. ಅಕ್ಕನ ಕಡೆ ತಿರುಗಿದ. ಅಕ್ಕ ಆ ದಿನವೂ ಬೆಳಗಿನಿಂದ ನಿಂತೇ ಇದ್ದಳು. ಎಲ್ಲರಿಗೂ ಬಡಿಸಿದ ಮೇಲೆ ಕೂರುತ್ತೇನೆ ಅಂತ ಅವಳ ತಟ್ಟೆ ಖಾಲಿ ಇತ್ತು. 13ನೇ ವಯಸ್ಸಿನಲ್ಲೂ ಅವಳು ಹೀಗೇ, ನಮ್ಮಿಬ್ಬರ ಊಟ ಆದ ಮೇಲೆ ಅಪ್ಪನ ಜೊತೆ ಕೊನೆಯಲ್ಲಿ ಉಣ್ಣುತ್ತಿದ್ದಳು. ಅಪ್ಪ ಅವಳನ್ನು ಸ್ವಲ್ಪ ಹೊತ್ತು ನೋಡಿದ. ಅಕ್ಕ ತಲೆ ತಗ್ಗಿಸಿ ಸೆರಗಿಗೆ ಕೈ ಒರೆಸಿಕೊಂಡಳು.

ತಮ್ಮ ಕೆಂಡದ ಮೇಲಿಂದ ಜೋಳ ತೆಗೆದು ತಂದ. ಒಂದೊಂದು ಕಾಳೂ ಹೊಳೆಯುತ್ತಿತ್ತು. ಮೊದಲನೆಯದನ್ನು ಅಪ್ಪನ ತಟ್ಟೆಗೆ ಇಡಲು ಹೋದ. ಅಪ್ಪ ಕೈ ಅಡ್ಡ ಹಿಡಿದು, ತನ್ನ ಪಕ್ಕದ ಕುರ್ಚಿ ಎಳೆದ.

"ಅಕ್ಕನ್ನ ಇಲ್ಲಿ ಕೂರ್ಸು. ಮೊದ್ಲು ಅವಳಿಗೆ ಹಾಕು."