ಹೆಡ್ ಹೋಗಿರಲಿಲ್ಲ

ಬೀದರ್‌ನಿಂದ ಹುಮನಾಬಾದ್ ಮೇಲೆ ಹಾಯ್ದು ಕಲಬುರಗಿಗೆ ಬಂದ ಆರು ಅಡಿಯ ಇಕೋ ಸಾಲ್ವೆಂಟ್ (ನೀರಿನ ಬದಲು ದ್ರಾವಕದ ಇಂಕು ಬಳಸುವ) ಪ್ರಿಂಟರ್ ಅದು. ಇಂಕು ಸಿಡಿಸುವ ಹೆಡ್ ಡಿಎಕ್ಸ್5 ಮಾದರಿಯದು, ನಾಲ್ಕು ಬಣ್ಣ. ಶರಣಬಸವೇಶ್ವರ ಜಾತ್ರೆ ಸಮೀಪಿಸಿತ್ತು, ಬ್ಯಾನರ್ ಕೆಲಸ ಕಾದು ಕೂತಿತ್ತು. ಟೆಂಪೋದಿಂದ ಇಳಿಸಿ, ಆನ್ ಮಾಡಿ, ಎರಡು ಸಲ ಕ್ಲೀನಿಂಗ್ (ಪಂಪಿನಿಂದ ಹೆಡ್ ಮೂಲಕ ಇಂಕು ಎಳೆಯುವುದು) ಹೊಡೆದದ್ದೇ ತಡ, ಹೆಡ್ ಬಂದು ಕೂಡುವ ಕ್ಯಾಪಿಂಗ್ ಸ್ಟೇಷನ್ ತುಂಬ ಕಪ್ಪು ಇಂಕು, ಹೆಡ್‌ಗೆ ಇಂಕು ಕೊಡುವ ಪುಟ್ಟ ಡಬ್ಬಿ ಡ್ಯಾಂಪರ್‌ನ ಬುಡದಲ್ಲಿ ಮಜೆಂಟಾ, ಫರಸಿ ಮೇಲೆ ಎಲ್ಲ ಬಣ್ಣ ಕಲೆತ ರಾಡಿ. ಹೆಡ್ ಹೋಯ್ತು ಎಂದರು ಸುತ್ತ ನಿಂತವರು.

ಮೊದಲು ಪ್ಲಗ್ಗನ್ನೇ ಗೋಡೆಯಿಂದ ಕೀಳಬೇಕು. ಸೋರಿಕೆಯಲ್ಲಿ ಹಾಳಾಗುವ ಇಂಕಿನದು ಸಣ್ಣ ಖರ್ಚು. ಒಂದು ಹನಿ ಹೆಡ್‌ನ ಫ್ಲಾಟ್ ಕೇಬಲ್ ಸೇರಿದರೆ ಶಾರ್ಟ್ ಆಗಿ ಹೆಡ್ ಮತ್ತು ಬೋರ್ಡ್ ಎರಡೂ ಸುಡುತ್ತವೆ. ಕೇಬಲ್ ಬಿಚ್ಚಿ ತುದಿ ನೋಡಬೇಕು. ಒದ್ದೆಯಿದ್ದರೆ ನೂಲು ಬಿಡದ ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿಸಬೇಕು. ಸುಟ್ಟ ಕಪ್ಪು ಗುರುತಿದ್ದರೆ ಹೊಸ ಕೇಬಲ್ಲೇ ಹಾಕಬೇಕು.

ಆಮೇಲೆ ಪತ್ತೆ ಕೆಲಸ. ಹನಿ ಹೇಗೆ ಬೀಳುತ್ತದೆ ಎನ್ನುವುದೇ ಅರ್ಧ ಉತ್ತರ. ಟ್ಯಾಂಕಿನಲ್ಲಿರುವ ಇಂಕಿನ ಮಟ್ಟ ಹೆಡ್‌ನ ತಳಕ್ಕಿಂತ ಕೆಳಗಿದ್ದರೆ ಇಂಕು ಸ್ವಲ್ಪ ಹಿಂದಕ್ಕೆ ಎಳೆಯುತ್ತಿರುತ್ತದೆ, ಹಾಗಾಗಿ ನಾಝಲ್ (ಹೆಡ್‌ನ ಸಣ್ಣ ರಂಧ್ರ) ತುದಿಯಲ್ಲಿ ಇಂಕು ಬೀಳದೆ ನಿಲ್ಲುತ್ತದೆ. 10 ಸೆಂ.ಮೀ. ಇಳಿವಿಗೆ ಸುಮಾರು 1 ಕಿಲೋಪಾಸ್ಕಲ್ ಎಳೆತ. ಕಪ್ಪು ಬಣ್ಣ ನಿಲ್ಲದೆ ಒಂದೇ ಸಮನೆ ತೊಟ್ಟಿಕ್ಕುತ್ತಿತ್ತು. ಹಾಗಾದರೆ ತಪ್ಪು ಎತ್ತರದ್ದು. ಸಾಗಿಸುವಾಗ ಬಿಚ್ಚಿದ ಕಪ್ಪು ಟ್ಯಾಂಕನ್ನು ಸ್ಟ್ಯಾಂಡ್ ಸಿಗದೆ ಎತ್ತರದ ಸ್ಟೂಲ್ ಮೇಲೆ ಇಟ್ಟಿದ್ದರು. ಕೆಳಗಿಳಿಸಿದ ಮೇಲೆ ನಿಂತಿತು.

ಮಜೆಂಟಾ ಬೇರೆ ಥರ. ಹತ್ತಿಪ್ಪತ್ತು ಹನಿ ಬಿದ್ದು ತಾನೇ ನಿಂತಿತು, ಆದರೆ ಟ್ಯೂಬ್ ಖಾಲಿಯಾಗಿತ್ತು. ಇದು ಗಾಳಿ ಹೊಕ್ಕ ಲಕ್ಷಣ. ಡ್ಯಾಂಪರ್ ನಟ್‌ನಲ್ಲಿ ಗಾಳಿ ಸಿಕ್ಕಿದರೆ ಇಂಕಿನ ಎಳೆ ತುಂಡಾಗುತ್ತದೆ: ಡ್ಯಾಂಪರ್‌ನಲ್ಲಿದ್ದದ್ದು ಹೆಡ್ ಮೂಲಕ ಇಳಿಯುತ್ತದೆ, ಟ್ಯೂಬ್‌ನಲ್ಲಿದ್ದದ್ದು ಟ್ಯಾಂಕಿಗೆ ಮರಳುತ್ತದೆ. ಒಂದೊಂದು ಜಾಯಿಂಟಿಗೂ ಬಿಳಿ ಟಿಶ್ಯೂ ಸುತ್ತಿ ಒಂದು ತಾಸು ಬಿಟ್ಟರೆ ಯಾವುದು ಒದ್ದೆಯೆಂದು ತಿಳಿಯುತ್ತದೆ. ಇಲ್ಲಿ ಓ-ರಿಂಗ್ (ಜಾಯಿಂಟ್ ಸೋರದಂತೆ ತಡೆಯುವ ಉಂಗುರ) ಗಟ್ಟಿಯಾಗಿ ಬಿರಿದಿತ್ತು, ದಾರಿಯ ಕುಲುಕಾಟ ಉಳಿದದ್ದನ್ನು ಮುಗಿಸಿತ್ತು. ಟ್ಯೂಬ್‌ನ ತುದಿಯನ್ನು 1 ಸೆಂ.ಮೀ. ನೇರವಾಗಿ ಕತ್ತರಿಸಿ, ಹೊಸ ರಿಂಗ್ ಹಾಕಿ, ನಟ್ಟನ್ನು ಕೈಯಿಂದಲೇ ಬಿಗಿ ಮಾಡಬೇಕು. ಪಕ್ಕಡ ಹಚ್ಚಿದರೆ ಪ್ಲಾಸ್ಟಿಕ್ ಸೀಳುತ್ತದೆ. ರಿಂಗ್ ಸಾಲ್ವೆಂಟ್ ತಡೆಯುವಂಥದ್ದೇ ಆಗಿರಲಿ. ಸಾಮಾನ್ಯ ರಬ್ಬರ್ ಸಾಲ್ವೆಂಟ್‌ನಲ್ಲಿ ಉಬ್ಬುತ್ತದೆ. ಒಂದು ಹೋದಾಗ ನಾಲ್ಕನ್ನೂ ಬದಲಿಸುವುದೇ ಸರಿ, ಅವುಗಳ ವಯಸ್ಸೂ ಅಷ್ಟೇ. ಡ್ಯಾಂಪರನ್ನು ಹೆಡ್‌ನಿಂದ ಬಿಡಿಸಿ ಸಿರಿಂಜಿನಿಂದ ನಿಧಾನವಾಗಿ ಎಳೆದು, ಮೂರರಲ್ಲಿ ಎರಡು ಪಾಲು ಇಂಕು ತುಂಬಿಸಿ ಮತ್ತೆ ಕೂಡಿಸಬೇಕು. ಸಿರಿಂಜಿನಿಂದ ಹೆಡ್ ಒಳಗೆ ಜೋರಾಗಿ ಒತ್ತುವುದು ಮಾತ್ರ ಬೇಡ.

ಫರಸಿ ಮೇಲಿನ ರಾಡಿ ಸುಲಭದ್ದು: ಪಂಪಿನಿಂದ ವೇಸ್ಟ್ ಬಾಟಲಿಗೆ ಹೋಗುವ ಟ್ಯೂಬ್ ಕಳಚಿತ್ತು.

ಟ್ಯಾಂಕುಗಳ ಗಾಳಿರಂಧ್ರಕ್ಕೆ ಸಾಗಣೆಯಲ್ಲಿ ಹಾಕಿದ ಬಿರಡೆಗಳೂ ಹಾಗೇ ಇದ್ದವು. ಕಲಬುರಗಿಯ ಬೇಸಿಗೆಯಲ್ಲಿ ಮುಚ್ಚಿದ ಟ್ಯಾಂಕಿನೊಳಗಿನ ಗಾಳಿ ಹಿಗ್ಗಿ ಇಂಕನ್ನು ಹೊರಗೆ ತಳ್ಳುತ್ತದೆ. ಬಿರಡೆ ತೆಗೆದು ಫಿಲ್ಟರ್ ಹಾಕಿದ್ದಾಯಿತು. ಶಹಾಬಾದ್ ಕಲ್ಲಿನ ನೆಲ ಸಮವಿರುವುದು ಅಪರೂಪ, ಆದ್ದರಿಂದ ಹೆಡ್ ಓಡಾಡುವ ರೈಲಿನ ಎರಡೂ ತುದಿಗೆ ರಸಮಟ್ಟ ಇಟ್ಟು ಕಾಲಿನ ಬೋಲ್ಟ್ ತಿರುಗಿಸಬೇಕಾಯಿತು. ಚೌಕಟ್ಟು ತಿರುಚಿದರೆ ಹೆಡ್ ಕ್ಯಾಪ್ ಮೇಲೆ ಸರಿಯಾಗಿ ಕೂಡದೆ ಪಂಪು ಇಂಕಿನ ಬದಲು ಗಾಳಿ ಎಳೆಯುತ್ತದೆ.

ಸಂಜೆ ಕೇಬಲ್ ಹಚ್ಚಿ, ಒಂದೇ ಸಲ ಕ್ಲೀನಿಂಗ್ ಮಾಡಿ, ನಾಝಲ್ ಚೆಕ್ (ಪರೀಕ್ಷಾ ಮುದ್ರಣ) ತೆಗೆದಾಗ ಮಜೆಂಟಾದಲ್ಲಿ ಎರಡು ಗೆರೆ ಕಡಿದಿದ್ದವು. ರಾತ್ರಿಯಿಡೀ ಹೆಡ್ ಕ್ಯಾಪ್ ಮೇಲೆ, ಡ್ಯಾಂಪರ್ ನಟ್ಟುಗಳಿಗೆ ಹೊಸ ಟಿಶ್ಯೂ. ಬೆಳಿಗ್ಗೆ ನಾಲ್ಕೂ ಒಣಗಿಯೇ ಇದ್ದವು, ಕಡಿದ ಗೆರೆಗಳೂ ಕೂಡಿದ್ದವು.