ಈ ಕೆರಟಿನ್ ಮುತ್ತುಗಳು

ಇವತ್ತು ನನ್ನ ಮೈಕ್ರೋಸ್ಕೋಪಿನ ಸ್ಲೈಡುಗಳಲ್ಲಿ ಅನ್ನನಾಳದ ಬಯಾಪ್ಸಿಗಳೇ (ಪರೀಕ್ಷೆಗೆಂದು ತೆಗೆದ ಚೂರುಗಳು) ಜಾಸ್ತಿ. ಭಾರತದಲ್ಲಿ ಅನ್ನನಾಳದ ಕ್ಯಾನ್ಸರ್ ಅಂದರೆ ಹೆಚ್ಚಾಗಿ ಸ್ಕ್ವೇಮಸ್ ಬಗೆ, ಅಂದರೆ ಒಳಪದರದ ಚಪ್ಪಟೆ ಕೋಶಗಳಲ್ಲಿ ಹುಟ್ಟುವುದು. ತಂಬಾಕು, ಅಡಿಕೆ, ಕುಡಿತ, ಎಲ್ಲವೂ ಅದಕ್ಕೆ ದಾರಿ. ಸ್ಲೈಡಿನಲ್ಲಿ ಕೋಶಗಳು ಈರುಳ್ಳಿ ಪದರದ ಹಾಗೆ ಸುತ್ತಿಕೊಂಡಿರುತ್ತವೆ, ನಡುವೆ ಹೊಳೆಯುವ ಗುಲಾಬಿ ಕೆರಟಿನ್, ಉಗುರು ಕೂದಲಲ್ಲಿ ಇರುವಂಥ ಪ್ರೋಟೀನ್. ಅದನ್ನೇ ಕೆರಟಿನ್ ಮುತ್ತು ಅನ್ನುವುದು. ನೋಡಲು ಎಷ್ಟು ಚೆಂದ ಅಂದರೆ, ಒಮ್ಮೊಮ್ಮೆ ಸಿಟ್ಟೇ ಬರುತ್ತದೆ.

ಅಮೆರಿಕದಲ್ಲಿ ಕಥೆ ಬೇರೆ. ಅಲ್ಲಿ ಅಡಿನೋಕಾರ್ಸಿನೋಮ, ಅಂದರೆ ಗ್ರಂಥಿ ಕೋಶಗಳ ಕ್ಯಾನ್ಸರ್, ಜಾಸ್ತಿ. ಹೊಟ್ಟೆಯ ಆಸಿಡ್ ವರ್ಷಗಟ್ಟಲೆ ಮೇಲೇರಿ, ಅನ್ನನಾಳದ ಕೆಳತುದಿಯ ಒಳಪದರ ಕರುಳಿನದರಂತೆ ಬದಲಾಗುತ್ತದೆ. ಬ್ಯಾರೆಟ್ ಅನ್ನನಾಳ ಅಂದರೆ ಇದೇ. ಕೆಲವರಲ್ಲಿ ಅದು ಮುಂದೆ ಕ್ಯಾನ್ಸರ್ ಆಗುತ್ತದೆ. ಆಗ ಸ್ಲೈಡಿನಲ್ಲಿ ಮುತ್ತಿಲ್ಲ, ಅಡ್ಡಾದಿಡ್ಡಿ ಗ್ರಂಥಿಗಳು.

ಶ್ವಾಸಕೋಶದಲ್ಲೂ ಈ ಎರಡೂ ಬಗೆ ಇವೆ. ಆದರೆ ಸೂಜಿಯಲ್ಲಿ ಬರುವ ಚೂರು ಸಣ್ಣದು, ಮುತ್ತೂ ಕಾಣದು, ಗ್ರಂಥಿಯೂ ಕಾಣದು. ಆಗ ಕೋಶದೊಳಗಿನ ಟಿಟಿಎಫ್-1, ಪಿ40 ಅನ್ನುವ ಪ್ರೋಟೀನುಗಳಿಗೆ ಬಣ್ಣ ಹಾಕಿ ನೋಡುವ ಪರೀಕ್ಷೆ. ಮೊದಲನೆಯದು ಹಿಡಿದರೆ ಅಡಿನೋ ಕಡೆ, ಎರಡನೆಯದು ಗಟ್ಟಿಯಾಗಿ ಹಿಡಿದರೆ ಸ್ಕ್ವೇಮಸ್. ಸುಮ್ನೆ ಹೆಸರಿಡುವ ಕೆಲಸವಲ್ಲ ಇದು. ಪೆಮೆಟ್ರೆಕ್ಸೆಡ್ ಅನ್ನುವ ಔಷಧ ಸ್ಕ್ವೇಮಸ್‌ಗೆ ಕೊಡುವುದಿಲ್ಲ. ಇನ್ನು ಇರುವ ಚೂರನ್ನೆಲ್ಲ ಬಣ್ಣ ಹಾಕುವುದರಲ್ಲೇ ಮುಗಿಸಿದರೆ ಔಷಧ ಆರಿಸಲು ಬೇಕಾದ ಇಜಿಎಫ್‌ಆರ್ ಜೀನ್ ಟೆಸ್ಟಿಗೆ ಏನೂ ಉಳಿಯುವುದಿಲ್ಲ, ರೋಗಿಗೆ ಮತ್ತೆ ಸೂಜಿ. ‘ರಿಪೋರ್ಟ್ ಯಾಕೆ ಇಷ್ಟು ಲೇಟು?’ ಅನ್ನುವವರಿಗೆ ಇದನ್ನೆಲ್ಲ ಫೋನಿನಲ್ಲಿ ಹೇಗೆ ಹೇಳುವುದು, ಅಲ್ವಾ?