ಎರಡು ಲಾವಾ ಹಾಸುಗಳ ನಡುವಿನ ಕೊಳ

ಮಧ್ಯಪ್ರದೇಶದ ಛಿಂದವಾಡಾ ಜಿಲ್ಲೆಯ ಮೋಹಗಾಂವ್ ಕಲಾಂ ಊರಿನ ಹೊಲಗಳಲ್ಲಿ ಚರ್ಟ್ ಕಲ್ಲುಗಳು ಬಿಡಿಬಿಡಿಯಾಗಿ ಬಿದ್ದಿರುತ್ತವೆ. ಒಡೆದರೆ ಚಾಕುವಿನಂಥ ಅಂಚು ಬರುವ ಗಟ್ಟಿ ಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ಮೇಲೆ ಲಾವಾ ಹರಿದದ್ದು ಒಂದೇ ಸಲಕ್ಕಲ್ಲ. ಒಂದು ಹಾಸು ತಣ್ಣಗಾಗಿ ಇನ್ನೊಂದು ಬರುವಷ್ಟರಲ್ಲಿ ತಗ್ಗಿನಲ್ಲಿ ನೀರು ನಿಂತು, ಕೊಳವಾಗಿ, ಸುತ್ತ ಗಿಡಮರ ಬೆಳೆದವು. ಆ ಕೊಳದ ಕೆಸರಿಗೆ ಸಿಲಿಕಾ ತುಂಬಿದ ನೀರು ಇಳಿದು, ಬಿದ್ದ ಹಣ್ಣು, ಬೇರು, ತೊಟ್ಟುಗಳ ಕೋಶಕೋಶವೂ ಕಲ್ಲಾಯಿತು. ಮೇಲೆ ಮುಂದಿನ ಲಾವಾ ಬಂದು ಮುಚ್ಚಿತು. ಇಂಥ ಪದರಗಳಿಗೆ ಇಂಟರ್‌ಟ್ರಾಪಿಯನ್ ಎನ್ನುತ್ತಾರೆ. ನಮ್ಮ ಗುರುಮಠಕಲ್ ಹತ್ತಿರವೂ ಇವೆ. ಅಲ್ಲಿ ಕೆರೆಯ ಪಾಚಿಗಿಡ ಕಾರೋಫೈಟ್‌ಗಳ ಪಳೆಯುಳಿಕೆ ಸಿಕ್ಕಿದೆ.

ಸಸ್ಯ ಪಳೆಯುಳಿಕೆಯ ಸಂಶೋಧನೆ ಎಂದರೆ ಎಲೆಯ ಅಚ್ಚಿರುವ ಚಂದದ ಕಲ್ಲು ಹುಡುಕುವುದು ಎಂದುಕೊಂಡು ಬರುವವರೇ ಹೆಚ್ಚು. ಚರ್ಟ್‌ನಲ್ಲಿ ಹೊರಗಿನಿಂದ ಏನೂ ಕಾಣುವುದಿಲ್ಲ. ಕೆಲಸವೆಲ್ಲ ಕೊಯ್ಯುವುದು, ತೇಯುವುದು, ಸುಲಿಯುವುದು. ಸಸ್ಯಶಾಸ್ತ್ರ ಓದಿ ಬಂದವರಿಗೆ ಪದರದ ನಕ್ಷೆ ಮಾಡಲು ಬರುವುದಿಲ್ಲ, ಭೂವಿಜ್ಞಾನದಿಂದ ಬಂದವರಿಗೆ ಮರದ ಒಳರಚನೆ ಗೊತ್ತಿರುವುದಿಲ್ಲ. ಎರಡರಲ್ಲಿ ಒಂದನ್ನು ಮೊದಲ ವರ್ಷವೇ ಕಲಿಯಬೇಕು. ಎರಡನೆಯವರ ಪಾಡು ಸ್ವಲ್ಪ ಹೆಚ್ಚು ಕಷ್ಟ: ಇವತ್ತಿನ ತೆಂಗು, ಈಚಲು, ಅಡಿಕೆಯ ಕೊಯ್ತಗಳನ್ನು ನೂರಾರು ಸಲ ನೋಡಿರದ ಕಣ್ಣಿಗೆ ಕಲ್ಲಿನ ತಾಳೆ ಬರೀ ಚುಕ್ಕೆಗಳಾಗಿಯೇ ಕಾಣುತ್ತದೆ.

ಹೊಲದಲ್ಲಿ ಬಿದ್ದ ಕಲ್ಲು ಎತ್ತಿಕೊಳ್ಳುವುದು ಸುಲಭ, ಆದರೆ ಅದು ಯಾವ ಪದರದಿಂದ ಎದ್ದು ಬಂತು ಎಂಬುದು ಅದರ ಮೇಲೆ ಬರೆದಿರುವುದಿಲ್ಲ. ಹತ್ತಿರದ ಬಾವಿಯ ಗೋಡೆಯಲ್ಲೋ ಹಳ್ಳದ ದಂಡೆಯಲ್ಲೋ ಪದರ ಕಂಡರೆ ಅಲ್ಲಿಂದಲೇ ಕೀಳಬೇಕು. ಕೀಳುವ ಮೊದಲು ಮೇಲ್ಮುಖಕ್ಕೆ ಬಣ್ಣದಲ್ಲಿ ಬಾಣದ ಗುರುತು ಹಾಕಿ. ಕಲ್ಲು ಚೀಲಕ್ಕೆ ಬಿದ್ದ ಮೇಲೆ ಯಾವುದು ಮೇಲು ಯಾವುದು ಕೆಳಗು ಎಂದು ಹೇಳಲು ಆಗುವುದಿಲ್ಲ. ಸುತ್ತಿಗೆ ಹಿಡಿದಾಗ ಕಣ್ಣಿಗೆ ಕನ್ನಡಕ ಕಡ್ಡಾಯ, ಚರ್ಟ್‌ನ ಚಕ್ಕೆ ಗಾಜಿನ ಚೂರಿನಂತೆ ಹಾರುತ್ತದೆ.

ಮುಂದಿನ ಮೋಸ ಗರಗಸದ್ದು. ವಜ್ರದ ಅಂಚಿನ ದಪ್ಪ ಬ್ಲೇಡು ಒಂದು ಕೊಯ್ತಕ್ಕೆ ಒಂದೂವರೆ ಮಿಲಿಮೀಟರ್ ಕಲ್ಲನ್ನು ಪುಡಿ ಮಾಡುತ್ತದೆ. 3 ಮಿಲಿಮೀಟರ್ ಹಣ್ಣಿನ ಮೇಲೆ ಹೋದರೆ ಅರ್ಧ ಹಣ್ಣು ನೀರಿನ ಜೊತೆ ಚರಂಡಿಗೆ. ಆದ್ದರಿಂದ ದೊಡ್ಡ ಬ್ಲೇಡಿನಲ್ಲಿ ಒಂದೇ ಕೊಯ್ತ ಹಾಕಿ, ಎರಡೂ ಮುಖ ಒದ್ದೆ ಮಾಡಿ ಲೆನ್ಸಿನಲ್ಲಿ ನೋಡಿ, ಏನಾದರೂ ಕಂಡರೆ ಅಲ್ಲಿಂದ ಮುಂದೆ ತೇಯುತ್ತಲೇ ಹೋಗಬೇಕು.

ತೇಯುವುದು ಗಾಜಿನ ಹಲಗೆಯ ಮೇಲೆ, ಕಾರ್ಬೊರಂಡಮ್ ಪುಡಿ ಮತ್ತು ನೀರಿನಲ್ಲಿ: 220, 400, 600, ಕೊನೆಗೆ 1000 ನಂಬರ್. ನಂಬರ್ ಏರಿದಂತೆ ಪುಡಿ ಸಣ್ಣದಾಗುತ್ತದೆ. ಪ್ರತಿ ನಂಬರಿನ ನಡುವೆ ಕಲ್ಲು, ಕೈ, ಉಗುರಿನ ಸಂದಿ ಎಲ್ಲ ತೊಳೆಯಬೇಕು. 220ರ ಒಂದು ಕಣ 1000ಕ್ಕೆ ಬಂದರೆ ಮುಖದ ತುಂಬ ಗೀರು, ಸೂಕ್ಷ್ಮದರ್ಶಕದಡಿ ಆ ಗೀರು ಕೋಶಭಿತ್ತಿಯಂತೆಯೇ ಕಂಡು ದಾರಿ ತಪ್ಪಿಸುತ್ತದೆ.

ಈಗ ಪೀಲ್, ಅಂದರೆ ಕಲ್ಲಿನ ಮುಖದ ಕೋಶಗಳನ್ನು ತೆಳು ಹಾಳೆಗೆ ಅಂಟಿಸಿ ಸುಲಿದು ತೆಗೆಯುವುದು. ನುಣುಪಾದ ಮುಖವನ್ನು ಪ್ಲಾಸ್ಟಿಕ್ ತಟ್ಟೆಯಲ್ಲಿ ಗಾಢ ಹೈಡ್ರೋಫ್ಲೋರಿಕ್ ಆಮ್ಲಕ್ಕೆ ಒಂದೆರಡು ನಿಮಿಷ ತಾಗಿಸಿಡುತ್ತಾರೆ. ಗಾಜಿನ ಪಾತ್ರೆ ಸಲ್ಲದು, ಆಮ್ಲ ಅದನ್ನೂ ತಿನ್ನುತ್ತದೆ. ಸಿಲಿಕಾ ಕರಗಿ, ಕೋಶಭಿತ್ತಿಯಲ್ಲಿ ಉಳಿದ ಇಂಗಾಲದ ಅಂಶ ಕೂದಲೆಳೆಗಿಂತ ಸಣ್ಣ ಎತ್ತರಕ್ಕೆ ಎದ್ದು ನಿಲ್ಲುತ್ತದೆ. ಇಲ್ಲಿಂದ ಮುಂದೆ ಆ ಮುಖವನ್ನು ಬೆರಳಿನಿಂದ ಮುಟ್ಟುವಂತಿಲ್ಲ, ನಲ್ಲಿಯ ಧಾರೆಗೆ ಹಿಡಿಯುವಂತಿಲ್ಲ. ನಿಂತ ನೀರಿನಲ್ಲಿ ಮೆಲ್ಲಗೆ ಅದ್ದಿ ತೆಗೆಯಬೇಕು. ಒಣಗಿದ ಮೇಲೆ ಮುಖ ಮಟ್ಟಸವಾಗಿ ಇರಿಸಿ, ತುಂಬ ಅಸಿಟೋನ್ ಸುರಿದು, ಸುಮಾರು 75 ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್) ದಪ್ಪದ ಅಸಿಟೇಟ್ ಹಾಳೆಯನ್ನು ದೋಣಿಯಂತೆ ಬಾಗಿಸಿ ಮೊದಲು ನಡುವನ್ನು ತಾಗಿಸಿ, ಆಮೇಲೆ ಎರಡೂ ಬದಿ ಬಿಡಬೇಕು. ಅರ್ಧ ಗಂಟೆಯಲ್ಲಿ ಒಣಗುತ್ತದೆ. ಸುಲಿದರೆ ಕೋಶಗಳು ಹಾಳೆಯ ಜೊತೆ ಬರುತ್ತವೆ. ಮೂಲ ವಿಧಾನ 1928ರಲ್ಲಿ ಜಾನ್ ವಾಲ್ಟನ್ ಕೊಟ್ಟದ್ದು. ಸಿದ್ಧ ಹಾಳೆ ಬಳಸುವ ಈ ತ್ವರಿತ ರೂಪ 1956ರದ್ದು.

ಕೆಟ್ಟ ಪೀಲ್ ನೋಡಿದರೆ ತಪ್ಪು ಎಲ್ಲಾಯಿತೆಂದು ಹೇಳಬಹುದು. ಗುಳ್ಳೆಗಳಿದ್ದರೆ ಅಸಿಟೋನ್ ಕಡಿಮೆಯಾಯಿತು, ಇಲ್ಲವೇ ಹಾಳೆಯನ್ನು ಒಮ್ಮೆಲೇ ಮಲಗಿಸಿದಿರಿ. ತೀರ ಪೇಲವವಾಗಿದ್ದರೆ ಆಮ್ಲಕ್ಕೆ ಸಮಯ ಸಾಲಲಿಲ್ಲ. ಭಿತ್ತಿಗಳು ಗಾಳಿಗೆ ಬಿದ್ದ ಜೋಳದ ಪೈರಿನಂತೆ ಒಂದೇ ಕಡೆ ಒರಗಿದ್ದರೆ ಸಮಯ ಹೆಚ್ಚಾಯಿತು. ಬಿಳಿ ಪುಡಿ ಕೂತಿದ್ದರೆ ಕಲ್ಲಿನಲ್ಲಿ ಸುಣ್ಣದ ಎಳೆ ಇತ್ತು, ಹೈಡ್ರೋಫ್ಲೋರಿಕ್ ಆಮ್ಲ ಅದನ್ನು ಕ್ಯಾಲ್ಸಿಯಂ ಫ್ಲೋರೈಡ್ ಮಾಡಿತು. ಅಂಥ ಕಲ್ಲನ್ನು ಮೊದಲೇ ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದಿರಬೇಕಿತ್ತು. ಎಷ್ಟು ಸರಿ ಮಾಡಿದರೂ ಖಾಲಿ ಹಾಳೆಯೇ ಬಂದರೆ ಭಿತ್ತಿಯ ಇಂಗಾಲವೆಲ್ಲ ಹೋಗಿ ಬರೀ ಸಿಲಿಕಾ ಉಳಿದಿದೆ ಎಂದರ್ಥ. ಆಗ ಪೀಲ್ ಬಿಟ್ಟು 30 ಮೈಕ್ರಾನ್‌ನ ತೆಳು ಕೊಯ್ತವೇ ಗತಿ.

ಆ ಆಮ್ಲದ ಬಗ್ಗೆ ಒಂದು ಮಾತು. ತೆಳುವಾದದ್ದು ಚರ್ಮಕ್ಕೆ ತಾಗಿದರೆ ತಕ್ಷಣ ಉರಿಯದೆಯೂ ಇರಬಹುದು, ಒಳಗಿಳಿದು ರಕ್ತದ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ. ಹೊಗೆ ಎಳೆಯುವ ಗೂಡಿನೊಳಗೇ ಕೆಲಸ, ಕೈಗೆ ಎರಡು ಜೊತೆ ಗ್ಲೌಸು, ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಕೈಗೆಟುಕುವಲ್ಲಿ. ರಾತ್ರಿ ಒಬ್ಬರೇ ಕೂತು ಮಾಡುವ ಕೆಲಸವಲ್ಲ ಇದು.

ಒಂದು ಪೀಲ್ ತೆಗೆದ ಮೇಲೆ 600ರಲ್ಲಿ ಸ್ವಲ್ಪ ತೇದು ಮತ್ತೆ ಅದೇ ಸುತ್ತು. ಪ್ರತಿ ಸುತ್ತಿನಲ್ಲಿ 50 ಮೈಕ್ರಾನ್ ತೇಯುತ್ತದೆಂದು ಹಿಡಿದರೆ 3 ಮಿಲಿಮೀಟರ್ ಹಣ್ಣಿಗೆ 60 ಪೀಲ್, ದಿನಕ್ಕೆ ಆರರಂತೆ ಹತ್ತು ದಿನ. ಪ್ರತಿ ಹಾಳೆಗೂ ಸುಲಿದ ಕೂಡಲೇ ಕ್ರಮಸಂಖ್ಯೆ, ಮೇಲ್ಬದಿಯ ಗುರುತು. ಬೀಜ ಯಾವ ಕಡೆ ಅಂಟಿಕೊಂಡಿದೆ, ಹಣ್ಣಿನಲ್ಲಿ ಎಷ್ಟು ಕೋಣೆ ಎಂಬುದೆಲ್ಲ ಈ ಸಾಲಿನಿಂದಲೇ ಗೊತ್ತಾಗುವುದು. ಎರಡು ಹಾಳೆ ಅದಲುಬದಲಾದರೆ ಇಲ್ಲದ ಕೋಣೆಯೊಂದು ಹುಟ್ಟಿಕೊಳ್ಳುತ್ತದೆ.

ಹೆಸರಿಡುವುದು ಇದಕ್ಕಿಂತ ಜಟಿಲ. ಹಣ್ಣು, ಹೂ, ಕಾಂಡ ಬೇರೆ ಬೇರೆ ಸಿಗುವುದರಿಂದ ಪ್ರತಿಯೊಂದಕ್ಕೂ ಬೇರೆ ಹೆಸರು. ಎನಿಗ್ಮೋಕಾರ್ಪಾನ್ ಪರಿಜೈ ಒಂದು ಹಣ್ಣಿನ ಹೆಸರು, ಸಾಹ್ನಿಯಾಂಥಸ್ ಒಂದು ಹೂವಿನದು. ಎರಡೂ ಒಂದೇ ಗಿಡದ್ದೆಂದು ರಚನೆ ಹೋಲಿಸಿ ವಾದಿಸಬೇಕಾಯಿತು. ಪಾಮಾಕ್ಸಿಲಾನ್ ಎಂಬ ತಾಳೆಕಾಂಡದ ಹೆಸರಿನಡಿ ರಾಶಿ ಪ್ರಭೇದಗಳಿವೆ, ಅದರಲ್ಲಿ ಎಷ್ಟೋ ಅನುಮಾನದವು ಎನ್ನದೆ ವಿಧಿಯಿಲ್ಲ. ತೆಂಗಿನ ಮರವನ್ನೇ ನೋಡಿ: ಹೊರಗೆ ನಾರಿನ ಕಟ್ಟುಗಳು ಒತ್ತಾಗಿ, ನಡುವೆ ವಿರಳವಾಗಿ ಇರುತ್ತವೆ. ಒಂದೇ ಕಾಂಡದ ಎರಡು ತುಂಡಿಗೆ ಎರಡು ಹೆಸರು ಬೀಳಲು ಇಷ್ಟು ಸಾಕು. ಕೊಯ್ತ ಕಾಂಡದ ಯಾವ ಭಾಗದ್ದು ಎಂದು ಬರೆಯದ ವಿವರಣೆಯನ್ನು ನಂಬಬೇಡಿ.

ಸಸ್ಯ ಪಳೆಯುಳಿಕೆ ವಿಜ್ಞಾನಿ ಬೀರಬಲ್ ಸಾಹ್ನಿ ಈ ಪದರಗಳ ಮೇಲೆ ದುಡಿದವರಲ್ಲಿ ಮುಂಚೂಣಿಯವರು. 1934ರಲ್ಲಿ ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ, ದಖ್ಖನ್ ಲಾವಾ ಡೈನೋಸಾರ್‌ಗಳ ಕಾಲದ್ದಲ್ಲ, ಅದರ ನಂತರದ್ದು ಎಂದು ವಾದಿಸಿದರು. ತಾಳೆಗಳು ಮತ್ತು ನೀಪಾ ಎಂಬ ಕೆಸರುತಾಳೆಯ ಹಣ್ಣು ಅವರ ಸಾಕ್ಷಿಗಳಲ್ಲಿ ಸೇರಿದ್ದವು. ಆಮೇಲೆ ಇಂಥ ಗಿಡಗಳು ಡೈನೋಸಾರ್‌ಗಳ ಕೊನೆಯ ಯುಗವಾದ ಕ್ರಿಟೇಷಿಯಸ್‌ನಲ್ಲೇ ಇದ್ದವೆಂದು ತಿಳಿಯಿತು, ಲಾವಾದ ವಯಸ್ಸನ್ನು ನೇರವಾಗಿ ಅಳೆದದ್ದೂ ಆಯಿತು. ಹಲವು ಪದರಗಳು ಕ್ರಿಟೇಷಿಯಸ್‌ನ ಕೊನೆಯವೇ ಎಂದಾಯಿತು. ಅವರ ಕೊಯ್ತಗಳಲ್ಲಿ ದೋಷವಿರಲಿಲ್ಲ, ಹೋಲಿಸಲು ಸಿಕ್ಕ ಕ್ಯಾಲೆಂಡರ್ ಅಪೂರ್ಣವಾಗಿತ್ತು. ಲಖನೌದಲ್ಲಿ ಅವರು ಕಟ್ಟಿದ ಸಸ್ಯ ಪಳೆಯುಳಿಕೆ ಸಂಸ್ಥೆಗೆ 1949ರ ಏಪ್ರಿಲ್ 3ರಂದು ನೆಹರೂ ಇಟ್ಟ ಅಡಿಗಲ್ಲಿನಲ್ಲೇ ಪಳೆಯುಳಿಕೆಗಳನ್ನು ಕೂರಿಸಲಾಗಿತ್ತು. ಅದಾಗಿ ಒಂದು ವಾರದಲ್ಲಿ ಸಾಹ್ನಿ ತೀರಿಕೊಂಡರು.

ಹೆಸರುಗಳ ಪಟ್ಟಿಯೇ ಕೊಳವಾಗುವುದಿಲ್ಲ. 2023ರವರೆಗೆ ಅದೇ ಜಿಲ್ಲೆಯಲ್ಲಿದ್ದ ಸೌಸರ್ ಸುತ್ತಿನ ಚರ್ಟ್‌ನಲ್ಲಿ ಅಜೋಲಾ ಸಿಕ್ಕಿದೆ, ನಮ್ಮ ರೈತರು ದನಕ್ಕೆ ಬೆಳೆಸುವುದರ ಹಳೆಯ ನೆಂಟ. ಅಷ್ಟು ನಾಜೂಕಿನ ತೇಲುಗಿಡ ದೂರದಿಂದ ಉರುಳಿ ಬಂದಿದ್ದರೆ ಚೂರಾಗಿರುತ್ತಿತ್ತು; ಅದು ಅಲ್ಲೇ ಬೆಳೆದದ್ದು, ನೀರು ಸಿಹಿ, ಹೆಚ್ಚು ಹರಿವಿಲ್ಲದ್ದು ಎನ್ನಬಹುದು. ನೀಪಾ ಹಾಗಲ್ಲ. ಇವತ್ತು ಅದು ಸುಂದರಬನ, ಅಂಡಮಾನಿನ ಉಪ್ಪುಮಿಶ್ರಿತ ಕೆಸರಿನ ತಾಳೆ. ಮೋಹಗಾಂವ್‌ನಲ್ಲಿ ಅದರ ಹಣ್ಣಿದೆ ಎಂದು ಮಧ್ಯಭಾರತಕ್ಕೆ ಕಡಲಿನ ತೋಳು ಚಾಚಿತ್ತೆಂದವರಿದ್ದಾರೆ. ಆದರೆ ನೀಪಾ ಹಣ್ಣು ತೇಲುತ್ತದೆ, ಒಂದೆರಡು ಹಣ್ಣಿನ ಮೇಲೆ ಕಡಲು ಕಟ್ಟುವುದು ಅವಸರ. ನೀಪಾ ಪರಾಗಕ್ಕೆ ಮುಳ್ಳುಗಳಿವೆ, ನಡುವೆ ಸುತ್ತಲೂ ಒಂದು ಸೀಳು ಇದೆ, ಬೇರೆ ಗಿಡದ ಪರಾಗವೆಂದು ತಪ್ಪು ತಿಳಿಯುವುದು ಕಡಿಮೆ. ಅದು ಹೇರಳವಾಗಿ ಸಿಕ್ಕರೆ ಮರ ಹತ್ತಿರದಲ್ಲಿತ್ತು ಎನ್ನಲು ಬಲ ಬರುತ್ತದೆ. ಆದ್ದರಿಂದ ಹಣ್ಣು ಕಂಡ ತುಂಡನ್ನು ಪೂರ್ತಿ ತೇದು ಮುಗಿಸಬೇಡಿ. ಅಂಚಿನಿಂದ ಹತ್ತು ಗ್ರಾಂ ಚೂರು ಮೊದಲೇ ತೆಗೆದು, ಅದೇ ಸಂಖ್ಯೆ ಬರೆದು, ಪರಾಗಕ್ಕೆಂದು ಬೇರೆ ಡಬ್ಬಿಯಲ್ಲಿ ಇಡಿ.